ತಾರೀಖು ಬರೆದು ಕಳಿಸುವ ಆರು ಬಗೆ: ಯಾವ ಕಡತಕ್ಕೆ ಯಾವುದು ಸರಿ?

ಬೆಂಗಳೂರಿನಿಂದ ನ್ಯೂಜೆರ್ಸಿಗೆ ಹೋಗುವ ಒಂದು ಚಿಕ್ಕ ಸಿಎಸ್‌ವಿ ಕಡತ (ಅಲ್ಪವಿರಾಮ ಹಾಕಿ ಕಾಲಮ್ ಬೇರ್ಪಡಿಸಿದ ಅಕ್ಷರ ಕಡತ) ಹೀಗಿದೆ ಎಂದುಕೊಳ್ಳಿ:

ಬಿಲ್,ತಾರೀಖು,ಮೊತ್ತ
1041,05/03/2024,1850
1042,12/03/2024,920
1043,13/03/2024,2400

ಬರೆದವರ ಲೆಕ್ಕದಲ್ಲಿ ಮೂರೂ ಮಾರ್ಚ್ ತಿಂಗಳ ಬಿಲ್ಲುಗಳು. ಅಮೆರಿಕದ ರೂಢಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ; ಹಾಗಾಗಿ ಅಲ್ಲಿನವರು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಮೊದಲನೆಯದು ಮೇ 3 ಆಗಿರುತ್ತದೆ, ಎರಡನೆಯದು ಡಿಸೆಂಬರ್ 3. ಮೂರನೆಯದು ತಾರೀಖೇ ಅಲ್ಲ, ಏಕೆಂದರೆ 13ನೇ ತಿಂಗಳು ಅಂತ ಒಂದಿಲ್ಲ. ಎಕ್ಸೆಲ್ ಅದನ್ನು ಬರೀ ಅಕ್ಷರ ಎಂದುಕೊಂಡು ಸೆಲ್ಲಿನ ಎಡಕ್ಕೆ ಅಂಟಿಸುತ್ತದೆ, ಉಳಿದೆರಡು ಬಲಕ್ಕೆ ಸರಿದು ಕೂರುತ್ತವೆ. ಎಚ್ಚರಿಕೆಯ ಸಂದೇಶ ಒಂದೂ ಬರುವುದಿಲ್ಲ.

2024ರ 366 ದಿನಗಳನ್ನೂ ಹೀಗೆ ಕಳಿಸಿದರೆ ಏನಾಗುತ್ತದೆ ಎಂದು ಎಣಿಸಿ ನೋಡಬಹುದು. 222 ದಿನಗಳು ಅಕ್ಷರವಾಗಿ ಉಳಿಯುತ್ತವೆ. 1/1, 2/2 ಥರದ 12 ದಿನಗಳು ಅದೃಷ್ಟದಿಂದ ಪಾರಾಗುತ್ತವೆ. ಉಳಿದ 132 ದಿನಗಳು ಸದ್ದಿಲ್ಲದೆ ಬೇರೆ ದಿನಗಳಾಗುತ್ತವೆ. ಅಕ್ಷರವಾಗಿ ಉಳಿದವು ಕಣ್ಣಿಗೆ ಬೀಳುತ್ತವೆ, ಕೂಡಿ ಕಳೆಯುವಾಗ ತಕರಾರು ಮಾಡುತ್ತವೆ. ಹೆದರಬೇಕಾದ್ದು ಆ 132ಕ್ಕೆ.

ಮೊದಲು ಕಾಲಮ್ಮಿನಲ್ಲಿ ಇರುವುದೇನು ನೋಡಿ

"ಯಾವ ಫಾರ್ಮ್ಯಾಟ್ ಒಳ್ಳೆಯದು?" ಎಂದು ಕೇಳುವ ಮುಂಚೆ ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ತಾರೀಖು ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ.

ಒಂದು, ಬರೀ ದಿನ: ಹುಟ್ಟಿದ ದಿನ, ಬಿಲ್ಲಿನ ತಾರೀಖು, ಸರ್ಕಾರಿ ರಜೆ. ಇದಕ್ಕೆ ಗಡಿಯಾರವೂ ಇಲ್ಲ, ಟೈಮ್‌ಝೋನೂ ಇಲ್ಲ. ಶಿವಮೊಗ್ಗದಲ್ಲಿ ಮಾರ್ಚ್ 5ರಂದು ಹುಟ್ಟಿದ ಮಗು ಸಿಯಾಟಲ್‌ಗೆ ಹೋಗಿ ನೆಲೆಸಿದರೂ ಹುಟ್ಟುಹಬ್ಬ ಮಾರ್ಚ್ 5ರಂದೇ.

ಎರಡು, ನಡೆದುಹೋದ ಗಳಿಗೆ: ಹಣ ಜಮೆಯಾದ ಹೊತ್ತು, ಸರ್ವರ್ ಕೆಟ್ಟ ಹೊತ್ತು. ಇದು ಜಗತ್ತಿಗೆಲ್ಲ ಒಂದೇ ಕ್ಷಣ, ಊರೂರಿನ ಗಡಿಯಾರ ತೋರಿಸುವುದು ಮಾತ್ರ ಬೇರೆ.

ಮೂರು, ಮುಂದೆ ನಡೆಯಬೇಕಾದದ್ದು: ಮುಂದಿನ ವರ್ಷದ ಸಭೆ, ವಾರವಾರದ ತರಗತಿ. ಇಲ್ಲಿ ಮುಖ್ಯವಾದದ್ದು ಆ ಊರಿನ ಗೋಡೆ ಗಡಿಯಾರ.

ತಾರೀಖಿನ ಎಡವಟ್ಟುಗಳಲ್ಲಿ ಬಹುಪಾಲು ಒಂದರ ರೂಪವನ್ನು ಇನ್ನೊಂದಕ್ಕೆ ತೊಡಿಸಿದ್ದರಿಂದಲೇ ಆಗುತ್ತವೆ. ಈಗ ಒಂದೊಂದಾಗಿ ನೋಡೋಣ. ಎಲ್ಲೆಡೆ ಒಂದೇ ಉದಾಹರಣೆ: 2024ರ ಮಾರ್ಚ್ 5, ಮಂಗಳವಾರ, ಮಧ್ಯಾಹ್ನ ಎರಡೂವರೆ, ಭಾರತದ ಸಮಯ.

05/03/2024: ಮನೆಮಾತಿನ ರೂಪ

ನಾವು ಓದುವುದೂ ಬರೆಯುವುದೂ ಹೀಗೆ. ಲಗ್ನಪತ್ರಿಕೆಗೆ, ರಸೀದಿಗೆ, ತೆರೆಯ ಮೇಲೆ ತೋರಿಸಲಿಕ್ಕೆ ಇದೇ ಸರಿ. ಕಡತಕ್ಕೆ ಮಾತ್ರ ಬೇಡ, ಒಂದು ಸಂದರ್ಭ ಬಿಟ್ಟು: ತೆಗೆದುಕೊಳ್ಳುವವರೇ ಹೀಗೆ ಕೊಡಿ ಎಂದು ನಿಯಮ ಮಾಡಿದ್ದರೆ. ಜಿಎಸ್‌ಟಿಯಲ್ಲೇ ನೋಡಿ. ಇ-ಇನ್‌ವಾಯ್ಸ್‌ನ ಜೇಸನ್ ಕಡತದಲ್ಲಿ (ಪ್ರೋಗ್ರಾಂಗಳು ಮಾಹಿತಿ ಕೊಟ್ಟು ತೆಗೆದುಕೊಳ್ಳುವ ಒಂದು ಅಕ್ಷರರೂಪ) ಬಿಲ್ಲಿನ ತಾರೀಖು ಓರೆಗೆರೆ ಹಾಕಿ 05/03/2024 ಎಂದು ಹೋಗಬೇಕು. ಜಿಎಸ್‌ಟಿಆರ್-1ರ ಜೇಸನ್‌ನಲ್ಲಿ ಅದೇ ತಾರೀಖು ಅಡ್ಡಗೆರೆ ಹಾಕಿ 05-03-2024 ಎಂದು ಹೋಗಬೇಕು. ಒಂದೇ ತೆರಿಗೆಗೆ ಎರಡು ಶೈಲಿ. ಇಂಥ ಕಡೆ ವಾದ ಮಾಡಿ ಫಲವಿಲ್ಲ. ನಿಮ್ಮ ಒಳಗಿನ ದಾಖಲೆಯನ್ನು ಪ್ರಮಾಣಿತ ರೂಪದಲ್ಲೇ ಇಟ್ಟುಕೊಂಡು, ಕಳಿಸುವ ಕೊನೆಯ ಹೆಜ್ಜೆಯಲ್ಲಿ ಮಾತ್ರ ಅವರು ಕೇಳಿದಂತೆ ಬದಲಾಯಿಸಿ.

ಎರಡಂಕಿಯ ವರ್ಷ (05/03/24) ಇನ್ನೂ ಕೆಟ್ಟದ್ದು. ಎಕ್ಸೆಲ್ ಸಾಮಾನ್ಯವಾಗಿ 00ರಿಂದ 29ರವರೆಗೆ 2000ದ ಸಾಲಿಗೂ 30ರಿಂದ 99ರವರೆಗೆ 1900ರ ಸಾಲಿಗೂ ಸೇರಿಸುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ 68ರವರೆಗೆ 2000ದ ಸಾಲಿಗೆ ಸೇರಿಸುತ್ತದೆ. ಅಜ್ಜಿ ಹುಟ್ಟಿದ ವರ್ಷ 45 ಎಂದು ಬರೆದರೆ ಎಕ್ಸೆಲ್‌ನಲ್ಲಿ 1945, ಪೈಥಾನ್‌ನಲ್ಲಿ 2045.

05-ಮಾರ್ಚ್-2024: ತಿಂಗಳ ಹೆಸರು ಹಾಕಿದರೆ?

ದಿನ ಯಾವುದು ತಿಂಗಳು ಯಾವುದು ಎಂಬ ಗೊಂದಲ ಹೋಗುತ್ತದೆ, ಮನುಷ್ಯರಿಗೆ ಒಳ್ಳೆಯದು. ಯಂತ್ರಕ್ಕೆ ಹೊಸ ತೊಡಕು ಶುರುವಾಗುತ್ತದೆ: ಹೆಸರು ಯಾವ ಭಾಷೆಯಲ್ಲಿದೆ? ಇಂಗ್ಲಿಷ್ ಹೆಸರು ನಿರೀಕ್ಷಿಸುವ ಪ್ರೋಗ್ರಾಂಗೆ ಕನ್ನಡದ ಹೆಸರು ಸಿಕ್ಕರೆ ಅದು ಕೈಚೆಲ್ಲುತ್ತದೆ. ಕನ್ನಡದಲ್ಲೇ ಓದಿಸುತ್ತೇವೆ ಎಂದರೂ ಕಷ್ಟವೇ. ಒಬ್ಬರು ಏಪ್ರಿಲ್ ಬರೆದರೆ ಇನ್ನೊಬ್ಬರು ಎಪ್ರಿಲ್ ಬರೆಯುತ್ತಾರೆ, ಸೆಪ್ಟೆಂಬರಿಗೆ ಸಪ್ಟೆಂಬರ್ ಎಂಬ ತಮ್ಮನಿದ್ದಾನೆ. ಅಕ್ಷರಾನುಕ್ರಮದಲ್ಲಿ ಜೋಡಿಸಿದರೆ ತಿಂಗಳುಗಳು ಕಲಸುಮೇಲೋಗರ. ಟ್ಯಾಲಿಯ ತೆರೆಯ ಮೇಲೆ ತಾರೀಖು ತಿಂಗಳ ಹೆಸರಿನೊಂದಿಗೆ ಕಾಣುತ್ತದೆ, ಆದರೆ ಅದೇ ವೋಚರ್ ಎಕ್ಸ್‌ಎಂಎಲ್ ಕಡತವಾಗಿ ಹೋಗುವಾಗ ಒಳಗೆ 20240305 ಎಂದಿರುತ್ತದೆ. ನೋಡುವವರಿಗೆ ಒಂದು, ಓದುವ ಯಂತ್ರಕ್ಕೆ ಇನ್ನೊಂದು. ಹಾಗೆಯೇ ಇರಬೇಕು.

2024-03-05: ಬರೀ ದಿನಕ್ಕೆ ಇದೇ

ದೊಡ್ಡದು ಮೊದಲು, ಚಿಕ್ಕದು ಕೊನೆಗೆ: ವರ್ಷ ನಾಲ್ಕಂಕಿ, ತಿಂಗಳು ಎರಡಂಕಿ, ದಿನ ಎರಡಂಕಿ. ಐಎಸ್‌ಒ 8601 ಮಾನದಂಡದ ರೂಪ ಇದು, ಮೊದಲು ಪ್ರಕಟವಾದದ್ದು 1988ರಲ್ಲಿ. ಭಾರತೀಯ ಮಾನದಂಡವಾಗಿ ಇದಕ್ಕೆ ಐಎಸ್ 7900 ಎಂಬ ಸಂಖ್ಯೆಯಿದೆ, ಹಾಗಾಗಿ ಇದು ವಿದೇಶದ ರೂಢಿ ಎಂದು ಯಾರೂ ಮೂಗು ಮುರಿಯಬೇಕಿಲ್ಲ. ನಮ್ಮ ಆರ್‌ಟಿಜಿಎಸ್ 2013ರಿಂದ ಬಳಸುತ್ತಿರುವ ಐಎಸ್‌ಒ 20022 ಸಂದೇಶಗಳಲ್ಲೂ ದಿನ ಹೀಗೆಯೇ ಇರುತ್ತದೆ.

ಇದರ ದೊಡ್ಡ ಲಾಭ ಒಂದೇ: ಅಕ್ಷರಗಳಂತೆ ಜೋಡಿಸಿದರೂ ಕಾಲಕ್ರಮದಲ್ಲೇ ಬರುತ್ತದೆ. ವರ್ಷ-ದಿನ-ತಿಂಗಳು ಎಂಬ ಕ್ರಮವನ್ನು ಯಾವ ದೇಶವೂ ರೂಢಿಯಲ್ಲಿ ಇಟ್ಟುಕೊಂಡಿಲ್ಲವಾದ್ದರಿಂದ ಓದುವವರಿಗೆ ಗೊಂದಲವೂ ಇಲ್ಲ. ಅಪವಾದ ಒಂದಿದೆ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸಿನ ಹಳೆಯ ಡೇಟ್‌ಟೈಮ್ ಕಾಲಮ್ಮಿಗೆ, ಲಾಗಿನ್ ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದಾಗ 2024-03-05 ಕೊಟ್ಟರೆ ಅದು ಮೇ 3 ಎಂದು ಓದುತ್ತದೆ. ಅಲ್ಲಿ ಅಡ್ಡಗೆರೆ ಇಲ್ಲದ 20240305 ಸುರಕ್ಷಿತ.

ಅಡ್ಡಗೆರೆ ಇಲ್ಲದ ರೂಪವೂ ಮಾನದಂಡದೊಳಗಿನದೇ. ಕಡತದ ಹೆಸರಿಗೆ ಅದು ಚೆನ್ನ. ವಿಂಡೋಸ್ ಕಡತದ ಹೆಸರಿನಲ್ಲಿ ಗಂಟೆ ನಿಮಿಷಗಳ ನಡುವಿನ ಎರಡು ಚುಕ್ಕೆ ಒಪ್ಪುವುದಿಲ್ಲ, ಹಾಗಾಗಿ ಹೆಸರಿನಲ್ಲಿ ಸಮಯವೂ ಬೇಕಾದರೆ 20240305-1430 ಎಂದು ಬರೆಯಿರಿ. ಸಿಎಸ್‌ವಿ ಕಾಲಮ್ಮಿನೊಳಗೆ ಮಾತ್ರ 20240305 ಬೇಡ, ಎಕ್ಸೆಲ್ ಅದನ್ನು ಎರಡು ಕೋಟಿ ಚಿಲ್ಲರೆ ಎಂಬ ಸಂಖ್ಯೆಯಾಗಿ ಓದುತ್ತದೆ.

ತಿಂಗಳವರೆಗೆ ಮಾತ್ರ ಗೊತ್ತಿದ್ದರೆ 2024-03 ಎಂದು ನಿಲ್ಲಿಸುವುದಕ್ಕೂ ಮಾನದಂಡದಲ್ಲಿ ಅವಕಾಶವಿದೆ. ಇಲ್ಲಿ ನಮ್ಮವರಿಗೇ ಮೀಸಲಾದ ಒಂದು ಹೊಂಡ ಇದೆ: ಹಣಕಾಸು ವರ್ಷ. 2011-12 ಎಂದರೆ ನಮ್ಮ ಲೆಕ್ಕಿಗರಿಗೆ ಏಪ್ರಿಲ್ 2011ರಿಂದ ಮಾರ್ಚ್ 2012. ಮಾನದಂಡಕ್ಕೂ ಎಕ್ಸೆಲ್‌ಗೂ ಅದು ಡಿಸೆಂಬರ್ 2011. 2012-13 ಮಾತ್ರ ಅಕ್ಷರವಾಗಿ ಉಳಿಯುತ್ತದೆ, ಏಕೆಂದರೆ 13ನೇ ತಿಂಗಳಿಲ್ಲ. ಹೀಗಾಗಿ ಹತ್ತಿಪ್ಪತ್ತು ವರ್ಷಗಳ ಬಜೆಟ್ ಅಂಕಿಗಳ ಪಟ್ಟಿಯಲ್ಲಿ ಮೊದಲ ಅರ್ಧ ತಾರೀಖಾಗಿ, ಉಳಿದರ್ಧ ಅಕ್ಷರವಾಗಿ ಬಂದು ನಿಲ್ಲುತ್ತದೆ. 2011-2012 ಎಂದು ಪೂರ್ತಿ ಬರೆದರೆ ಈ ರಗಳೆ ಇಲ್ಲ.

ಗೊತ್ತಿಲ್ಲದ ದಿನವನ್ನು 01 ಎಂದು ತುಂಬಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಎಷ್ಟು ಜನರ ಹುಟ್ಟುಹಬ್ಬವಾಗಿ ಕೂತಿದೆ ಎಂದು ನಮಗೆ ಗೊತ್ತಿರುವುದೇ. ಒಮ್ಮೆ ಕಡತ ಸೇರಿದ ಮೇಲೆ ನಿಜವಾದ ಜೂನ್ 1 ಯಾವುದು, ತುಂಬಿದ್ದು ಯಾವುದು ಎಂದು ಬೇರ್ಪಡಿಸಲಾಗದು. ಖಾಲಿ ಎಂದು ತೋರಿಸಲು 1900-01-01, 0000-00-00 ಹಾಕುವುದೂ ಇದೇ ಜಾತಿಯ ತಪ್ಪು. ಖಾಲಿ ಇದ್ದರೆ ಖಾಲಿಯೇ ಬಿಡಿ.

2024-03-05 14:30:00+05:30: ನಡೆದ ಗಳಿಗೆಗೆ

ಓದಲು ಸುಲಭವಾಗಲೆಂದು ನಡುವೆ ಖಾಲಿ ಜಾಗ ಬಿಟ್ಟಿದೆ. ಕಡತದಲ್ಲಿ ದಿನಕ್ಕೂ ಸಮಯಕ್ಕೂ ನಡುವೆ ಇಂಗ್ಲಿಷಿನ ದೊಡ್ಡಕ್ಷರ ಟಿ ಹಾಕುವುದು ನಿಯಮ. ಕೊನೆಯ +05:30 ಆಫ್‌ಸೆಟ್, ಅಂದರೆ ಈ ಗಡಿಯಾರ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಐದೂವರೆ ಗಂಟೆ ಮುಂದಿದೆ ಎಂಬ ಸೂಚನೆ. ಅದೇ ಗಳಿಗೆಯನ್ನು ಯುಟಿಸಿಯಲ್ಲಿ 09:00:00 ಎಂದು ಬರೆದು ಕೊನೆಗೆ ಝಡ್ ಅಕ್ಷರ ಹಾಕಿದರೂ ಅರ್ಥ ಒಂದೇ.

ಕರಾರಿನಲ್ಲಿ "ಐಎಸ್‌ಒ 8601 ಪ್ರಕಾರ" ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಆ ಮಾನದಂಡ ದೊಡ್ಡ ಸಂತೆ. ಇದೇ ಮಂಗಳವಾರವನ್ನು ಅದರೊಳಗೆ 2024-065 ಎಂದು ವರ್ಷದ 65ನೇ ದಿನವಾಗಿಯೂ ಬರೆಯಬಹುದು, 10ನೇ ವಾರದ 2ನೇ ದಿನವಾಗಿಯೂ ಬರೆಯಬಹುದು. ಸೆಕೆಂಡಿನ ಭಾಗಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕಿದರೂ ನಡೆಯುತ್ತದೆ, ಆಫ್‌ಸೆಟ್ ಬಿಟ್ಟರೂ ನಡೆಯುತ್ತದೆ. ನಿಮ್ಮ ಪ್ರೋಗ್ರಾಂ ಇಷ್ಟನ್ನೆಲ್ಲ ಓದುತ್ತದೆಯೇ? ಕರಾರಿನಲ್ಲಿ ಬರೆಯಬೇಕಾದ್ದು ಆರ್‌ಎಫ್‌ಸಿ 3339. 2002ರಲ್ಲಿ ಬಂದ ಈ ಇಂಟರ್‌ನೆಟ್ ಮಾನದಂಡದ ದಾಖಲೆ ಆ ಸಂತೆಯಿಂದ ಒಂದೇ ಮಳಿಗೆಯನ್ನು ಆರಿಸಿಕೊಟ್ಟಿದೆ: ಪೂರ್ತಿ ದಿನ, ಪೂರ್ತಿ ಸಮಯ, ಆಫ್‌ಸೆಟ್ ಕಡ್ಡಾಯ. ಜೇಸನ್ ಕಡತಗಳಿಗೆ ನಿಯಮ ಬರೆಯುವ ಜೇಸನ್ ಸ್ಕೀಮಾ ಕೂಡ ಇದನ್ನೇ ಹಿಡಿದಿದೆ.

ಆಫ್‌ಸೆಟ್ ಬದಲು ಐಎಸ್‌ಟಿ ಎಂದು ಬರೆಯುವವರಿದ್ದಾರೆ. ಆ ಮೂರು ಅಕ್ಷರ ಭಾರತಕ್ಕೆ ಮಾತ್ರ ಸೇರಿದ್ದಲ್ಲ. ಐರ್ಲೆಂಡಿಗೂ ಅದೇ, ಇಸ್ರೇಲಿಗೂ ಅದೇ. ಓದುವ ಪ್ರೋಗ್ರಾಂ ಯಾವ ದೇಶವನ್ನು ಊಹಿಸುತ್ತದೋ ಅದರ ಮೇಲೆ ನಿಮ್ಮ ಎರಡೂವರೆ ನಿಂತಿರುತ್ತದೆ.

ಯುಟಿಸಿಯೋ +05:30ಯೋ? ಸರ್ವರ್ ಲಾಗ್‌ಗಳಿಗೆ ಯುಟಿಸಿ. ಬೇರೆ ಬೇರೆ ಊರಿನ ಯಂತ್ರಗಳ ಸಾಲುಗಳನ್ನು ಒಟ್ಟು ಸೇರಿಸಿದಾಗ ಅಕ್ಷರ ಜೋಡಣೆಯೇ ಕಾಲಕ್ರಮವಾಗಬೇಕಾದರೆ ಎಲ್ಲವೂ ಒಂದೇ ಆಫ್‌ಸೆಟ್‌ನಲ್ಲಿರಬೇಕು. ಮನುಷ್ಯರ ವ್ಯವಹಾರಕ್ಕೆ +05:30 ಮೇಲು, ಗಿರಾಕಿ ಬಂದಾಗ ಅಂಗಡಿಯ ಗಡಿಯಾರ ಎಷ್ಟು ತೋರಿಸುತ್ತಿತ್ತು ಎಂಬುದೂ ಅದರಲ್ಲಿ ಉಳಿಯುತ್ತದೆ. ಆದರೆ ಡೇಟಾಬೇಸ್ ಅದನ್ನು ಉಳಿಸಿಕೊಳ್ಳುತ್ತದೆ ಎಂದು ನಂಬಬೇಡಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಟೈಮ್‌ಝೋನ್ ಸಹಿತ ಕಾಲಮ್ಮು ಹೆಸರಿಗಷ್ಟೇ ಸಹಿತ. ಅದು ಗಳಿಗೆಯನ್ನು ಯುಟಿಸಿಗೆ ತಿರುಗಿಸಿಟ್ಟು ಆಫ್‌ಸೆಟ್ಟನ್ನು ಬಿಸಾಕುತ್ತದೆ.

ಇನ್ನೊಂದು ಚಿಕ್ಕ ಕಾಟ: ವೆಬ್ ವಿಳಾಸದ ಪ್ರಶ್ನೆ ಭಾಗದಲ್ಲಿ ಕೂಡುವ ಚಿಹ್ನೆ ಎಂದರೆ ಖಾಲಿ ಜಾಗ. +05:30 ಹಾಗೇ ಹಾಕಿದರೆ ಆ ಕಡೆ ಬರುವುದು ಖಾಲಿ ಜಾಗ ಮತ್ತು 05:30. ವಿಳಾಸದೊಳಗೆ ಕಳಿಸುವಾಗ ಎನ್‌ಕೋಡ್ ಮಾಡಿ, ಇಲ್ಲವೇ ಅಲ್ಲಿ ಯುಟಿಸಿಯಲ್ಲೇ ಕಳಿಸಿ.

ಒಂದು ದಿನ ಹಿಂದೆ ಬಿದ್ದರೆ

"ಎಲ್ಲರ ಹುಟ್ಟಿದ ದಿನವೂ ಒಂದು ದಿನ ಹಿಂದೆ ಬಂದಿದೆ" ಎಂಬ ದೂರು ಭಾರತದಲ್ಲಿ ಕೆಲಸ ಮಾಡುವವರಿಗೆ ಹೊಸದಲ್ಲ. ಆಗುವುದು ಹೀಗೆ. ಅರ್ಜಿಯಲ್ಲಿ ಮಾರ್ಚ್ 5 ಆರಿಸಿದ್ದೀರಿ. ಪ್ರೋಗ್ರಾಂ ಅದನ್ನು ಬರೀ ದಿನವಾಗಿ ಇಡದೆ ಮಾರ್ಚ್ 5ರ ಮಧ್ಯರಾತ್ರಿ 00:00, ಭಾರತ ಸಮಯ ಎಂಬ ಗಳಿಗೆಯಾಗಿ ಮಾಡುತ್ತದೆ. ಕಳಿಸುವಾಗ ಯುಟಿಸಿಗೆ ತಿರುಗಿಸುತ್ತದೆ, ಐದೂವರೆ ಗಂಟೆ ಕಳೆದರೆ 2024-03-04 18:30:00. ಆ ಕಡೆಯವರು ಮೊದಲ ಹತ್ತು ಅಕ್ಷರ ಕತ್ತರಿಸಿ ಇಟ್ಟುಕೊಳ್ಳುತ್ತಾರೆ: ಮಾರ್ಚ್ 4.

ಕಡತದಲ್ಲಿ 18:30:00 ಸಾಲುಸಾಲಾಗಿ ಕಂಡರೆ ಬೇರೆ ಸಾಕ್ಷಿ ಬೇಡ. ಇದಕ್ಕೆ ಮದ್ದು ಒಂದು ದಿನ ಕೂಡಿಸುವುದಲ್ಲ. ಹಾಗೆ ಮಾಡಿದರೆ ಮೊದಲೇ ಸರಿಯಿದ್ದ ಸಾಲುಗಳು ಒಂದು ದಿನ ಮುಂದೆ ಹೋಗುತ್ತವೆ. ಹುಟ್ಟಿದ ದಿನದ ಕಾಲಮ್ಮಿನಿಂದ ಸಮಯವನ್ನೇ ತೆಗೆದುಹಾಕಬೇಕು, ಕಳಿಸುವ ಕಡೆಯಿಂದಲೇ.

ಅಮೆರಿಕದಲ್ಲಿರುವವರಿಗೆ ಇದೇ ತಪ್ಪು ತಲೆಕೆಳಗಾಗಿ ಬರುತ್ತದೆ. ಜಾವಾಸ್ಕ್ರಿಪ್ಟ್ 2024-03-05 ಎಂಬ ಬರೀ ದಿನವನ್ನು ಯುಟಿಸಿ ಮಧ್ಯರಾತ್ರಿ ಎಂದು ಓದುತ್ತದೆ. ಸಮಯ ಸೇರಿಸಿ ಆಫ್‌ಸೆಟ್ ಬಿಟ್ಟರೆ ಸ್ಥಳೀಯ ಸಮಯ ಎಂದು ಓದುತ್ತದೆ. ಹಾಗಾಗಿ ಬೆಂಗಳೂರಿನ ಬ್ರೌಸರಿನಲ್ಲಿ ಮಾರ್ಚ್ 5 ಎಂದು ಸರಿಯಾಗಿ ಕಂಡದ್ದು ಕ್ಯಾಲಿಫೋರ್ನಿಯಾದಲ್ಲಿ ಮಾರ್ಚ್ 4 ಎಂದು ಕಾಣುತ್ತದೆ. ಇಲ್ಲಿ ಪರೀಕ್ಷಿಸಿದವರಿಗೆ ತಪ್ಪು ಸಿಗುವುದೇ ಇಲ್ಲ.

1709629200: ಯುನಿಕ್ಸ್ ಸೆಕೆಂಡುಗಳು

1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳು. ನಮ್ಮ ಉದಾಹರಣೆಯ ಗಳಿಗೆ ಮೇಲಿನ ಸಂಖ್ಯೆ. ಯಂತ್ರದಿಂದ ಯಂತ್ರಕ್ಕೆ, ಅದೂ ಒಂದೇ ತಂಡದ ಎರಡು ಪ್ರೋಗ್ರಾಂಗಳ ನಡುವೆ, ಇದು ಹಗುರ ಮತ್ತು ವೇಗ. ಹೊರಗಿನವರಿಗೆ ಕೊಡುವ ಕಡತದಲ್ಲಿ ಬೇಡ ಎಂಬುದೇ ನಮ್ಮ ಸಲಹೆ. ಕಣ್ಣಿಂದ ನೋಡಿ ತಪ್ಪು ಹಿಡಿಯಲಾಗದ ರೂಪ ಇದು.

ಸೆಕೆಂಡೋ ಮಿಲಿಸೆಕೆಂಡೋ ಎಂಬುದೇ ಇದರ ಹಳೆಯ ಜಗಳ. ಈಗಿನ ಕಾಲದ ಸಂಖ್ಯೆ 10 ಅಂಕಿಯಿದ್ದರೆ ಸೆಕೆಂಡು, 13 ಅಂಕಿಯಿದ್ದರೆ ಮಿಲಿಸೆಕೆಂಡು. ಸೆಕೆಂಡನ್ನು ಮಿಲಿಸೆಕೆಂಡೆಂದು ಓದಿದರೆ ಎಲ್ಲ ತಾರೀಖುಗಳೂ 1970ರ ಜನವರಿ 20ರ ಆಸುಪಾಸಿನಲ್ಲಿ ಗುಂಪುಗೂಡುತ್ತವೆ. ಆ ದಿನ ಕಂಡರೆ ಕಾರಣ ಅದೇ. 32 ಬಿಟ್ಟಿನಲ್ಲಿ ಇಟ್ಟ ಸಂಖ್ಯೆ 2147483647ಕ್ಕೆ ತುಂಬಿಹೋಗುತ್ತದೆ: 2038ರ ಜನವರಿ 19, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಕಾಲಮ್ಮಿನ ಗಡಿಯೂ ಅಲ್ಲೇ. 20 ವರ್ಷದ ಗೃಹಸಾಲದ ಕೊನೆಯ ಕಂತು ಅದನ್ನು ಈಗಾಗಲೇ ದಾಟಿ ನಿಂತಿದೆ.

45356.6041667: ಎಕ್ಸೆಲ್ಲಿನ ಒಳಸಂಖ್ಯೆ

ಯಾರೂ ಬೇಕೆಂದು ಆರಿಸುವುದಿಲ್ಲ, ಜಾರಿಕೊಂಡು ಬರುತ್ತದೆ. ಎಕ್ಸೆಲ್ 1900ರ ಜನವರಿ 1ನ್ನು 1 ಎಂದು ಹಿಡಿದು ದಿನ ಎಣಿಸುತ್ತದೆ, ದಶಾಂಶ ಭಾಗ ದಿನದ ಹೊತ್ತು. ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂನ ತಪ್ಪನ್ನು ಹೊಂದಾಣಿಕೆಗಾಗಿ ಹಾಗೇ ಉಳಿಸಿಕೊಂಡಿದ್ದರಿಂದ ಅದರ ಪಂಚಾಂಗದಲ್ಲಿ 1900ರ ಫೆಬ್ರವರಿ 29 ಎಂಬ ಇಲ್ಲದ ದಿನವೂ ಇದೆ. ಹಳೆಯ ಮ್ಯಾಕ್ ಎಕ್ಸೆಲ್‌ಗಳು 1904ರಿಂದ ಎಣಿಸುತ್ತಿದ್ದವು. ಎರಡರ ನಡುವೆ 1462 ದಿನ ಅಂತರ. ತಾರೀಖುಗಳೆಲ್ಲ ನಾಲ್ಕು ವರ್ಷ ಒಂದು ದಿನ ಸರಿದಿದ್ದರೆ ಹುಡುಕಬೇಕಾದ್ದು ಇಲ್ಲಿ.

ಎಕ್ಸೆಲ್ ದಾಟಿಸುವ ಕ್ರಮ

ಯಾವ ರೂಪ ಆರಿಸಿದರೂ ಕಡತ ಒಂದಲ್ಲ ಒಂದು ಹಂತದಲ್ಲಿ ಎಕ್ಸೆಲ್ ಮೂಲಕ ಹಾದೇ ಹೋಗುತ್ತದೆ. 2024-03-05 ಇರುವ ಸಿಎಸ್‌ವಿಯನ್ನು ಎಕ್ಸೆಲ್ ಸರಿಯಾಗಿಯೇ ಓದುತ್ತದೆ. ಕೆಡಿಸುವುದು ಉಳಿಸುವಾಗ. ತೆರೆಯ ಮೇಲೆ ಕಾಣುವಂತೆಯೇ ಸಿಎಸ್‌ವಿಗೆ ಬರೆಯುವುದು ಅದರ ಪದ್ಧತಿ. ಸುಮ್ಮನೆ ತೆರೆದು ಒಂದು ಮೊತ್ತ ತಿದ್ದಿ ಸೇವ್ ಮಾಡಿದರೂ ತಾರೀಖಿನ ಕಾಲಮ್ಮೆಲ್ಲ ನಿಮ್ಮ ವಿಂಡೋಸ್‌ನ ಪ್ರಾದೇಶಿಕ ರೂಪಕ್ಕೆ ತಿರುಗಿರುತ್ತದೆ. ಆಫ್‌ಸೆಟ್ ಸಹಿತದ ಪೂರ್ತಿ ರೂಪವನ್ನು ಮಾತ್ರ ಅದು ತಾರೀಖೆಂದು ಗುರುತಿಸದೆ ಅಕ್ಷರವಾಗಿಯೇ ಬಿಡುತ್ತದೆ. ಈ ದಡ್ಡತನ ಒಂದು ರಕ್ಷಣೆಯೂ ಹೌದು.

ದಿನ/ತಿಂಗಳು/ವರ್ಷದ ಕಡತ ಬಂದರೆ ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ವರ್ಕ್‌ಬುಕ್ ತೆರೆದು ಡೇಟಾ ಟ್ಯಾಬ್‌ನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ, ಕಡತ ಆರಿಸಿ, ಟ್ರಾನ್ಸ್‌ಫಾರ್ಮ್ ಡೇಟಾಗೆ ಹೋಗಿ. ಬಲಗಡೆಯ ಹೆಜ್ಜೆಗಳ ಪಟ್ಟಿಯಲ್ಲಿ ಚೇಂಜ್ಡ್ ಟೈಪ್ ಎಂಬುದು ತಾನಾಗಿ ಸೇರಿಕೊಂಡಿದ್ದರೆ ಅಳಿಸಿ. ನಂತರ ತಾರೀಖಿನ ಕಾಲಮ್ಮಿನ ತಲೆಯ ಚಿಹ್ನೆ ಒತ್ತಿ ಯೂಸಿಂಗ್ ಲೊಕೇಲ್ ಆರಿಸಿ, ವಿಧ ಡೇಟ್, ಲೊಕೇಲ್ ಇಂಗ್ಲಿಷ್ (ಇಂಡಿಯಾ). ಲಿಬ್ರೆ ಆಫೀಸ್‌ನಲ್ಲಿ ಇಷ್ಟು ಸುತ್ತು ಬೇಡ. ಸಿಎಸ್‌ವಿ ತೆರೆಯುವಾಗಲೇ ಬರುವ ಕಿಟಕಿಯಲ್ಲಿ ಕಾಲಮ್ ಆರಿಸಿ ದಿನ-ತಿಂಗಳು-ವರ್ಷ ಕ್ರಮ ಹೇಳಿದರೆ ಮುಗಿಯಿತು. ಈ ವಿಷಯದಲ್ಲಿ ಅದೇ ಮೇಲು.

ಕಳಿಸುವಾಗ ಕಾಲಮ್ಮು ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನ ಕಸ್ಟಮ್‌ನಲ್ಲಿ ವರ್ಷ ನಾಲ್ಕಂಕಿ, ತಿಂಗಳು ಎರಡಂಕಿ, ದಿನ ಎರಡಂಕಿ ಬರುವಂತೆ ಮಾಡಿ ಸಿಎಸ್‌ವಿಯಾಗಿ ಉಳಿಸಿ. ಉಳಿಸಿದ್ದನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಪರೀಕ್ಷಿಸಿದರೆ ಏನೂ ತಿಳಿಯದು. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ.

ಆಗಲೇ ಕೆಟ್ಟುಹೋದ ಕಡತ ಕೈಗೆ ಬಂದರೆ? ಮೂಲ ಕಡತ ಸಿಗುವ ಹಾಗಿದ್ದರೆ ಅದನ್ನೇ ತರಿಸಿ. ಸಿಗದಿದ್ದರೆ ಅಕ್ಷರವಾಗಿ ಉಳಿದ ಸಾಲುಗಳನ್ನಷ್ಟೇ ಬೇರ್ಪಡಿಸಿ. ಅವೆಲ್ಲದರಲ್ಲೂ ಮೊದಲ ಸಂಖ್ಯೆ 12ಕ್ಕಿಂತ ದೊಡ್ಡದಿದ್ದು, ತಾರೀಖಾಗಿ ಬದಲಾದ ಸಾಲುಗಳಲ್ಲಿ ದಿನವಾಗಲಿ ತಿಂಗಳಾಗಲಿ 12 ದಾಟದಿದ್ದರೆ ದಿನ ತಿಂಗಳು ಅದಲುಬದಲಾಗಿದೆ ಎಂದು ಖಚಿತ. ಬದಲಾದ ಸಾಲುಗಳಿಗೆ ಡೇಟ್ ಫಂಕ್ಷನ್‌ನಲ್ಲಿ ವರ್ಷ ಹಾಗೇ ಇಟ್ಟು, ತಿಂಗಳ ಜಾಗಕ್ಕೆ ದಿನವನ್ನೂ ದಿನದ ಜಾಗಕ್ಕೆ ತಿಂಗಳನ್ನೂ ಕೊಡಿ. ಬಿಲ್ ಸಂಖ್ಯೆಯಂತೆ ಏರುತ್ತಾ ಹೋಗುವ ಕಾಲಮ್ಮಿದ್ದರೆ ಅದರ ಪ್ರಕಾರ ಜೋಡಿಸಿ ನೋಡಿ. ತಾರೀಖು ಎಲ್ಲೂ ಹಿಂದಕ್ಕೆ ಜಿಗಿಯಬಾರದು.

ತಾರೀಖಲ್ಲದ್ದು ತಾರೀಖಾಗುವುದೂ ಇದೆ. ಪಹಣಿಯ ಸರ್ವೆ ನಂಬರ್ 12/3 ಎಂದು ಬೆರಳಚ್ಚು ಮಾಡಿದರೆ ನಮ್ಮಲ್ಲಿನ ಎಕ್ಸೆಲ್‌ನಲ್ಲಿ ಅದು ಮಾರ್ಚ್ 12. 45/2 ಮಾತ್ರ ಪಾರು. ಜೀವವಿಜ್ಞಾನಿಗಳಿಗೆ ಇದೇ ಕಾಟ ವಂಶವಾಹಿಗಳ ಹೆಸರಿನಲ್ಲಿತ್ತು. ಮಾರ್ಚ್1, ಸೆಪ್ಟ್1 ಎಂಬ ಹೆಸರುಗಳು ತಾರೀಖಾಗಿ ತಿರುಗಿ ಸಾಕಾಗಿ, ವಂಶವಾಹಿಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಹೆಸರುಗಳನ್ನೇ ಮಾರ್ಚ್‌ಎಫ್1, ಸೆಪ್ಟಿನ್1 ಎಂದು ಬದಲಾಯಿಸಿತು. ಸರ್ವೆ ನಂಬರ್ ಬದಲಾಯಿಸಲಾಗದು. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿ, ಆಮೇಲೆ ಬರೆಯಿರಿ.

ಮುಂದಿನ ಕಾರ್ಯಕ್ರಮಕ್ಕೆ ಆಫ್‌ಸೆಟ್ ಸಾಲದು

ಭಾರತದ ಗಡಿಯಾರ ವರ್ಷವಿಡೀ +05:30, ಆದ್ದರಿಂದ ಈ ತೊಂದರೆ ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಭಾನುವಾರ ಬೆಳಗ್ಗೆ 9ಕ್ಕೆ ಮಕ್ಕಳಿಗೆ ಕನ್ನಡ ಪಾಠ ಎಂದಿಟ್ಟುಕೊಳ್ಳಿ. 2024ರ ಮಾರ್ಚ್ 3ರಂದು ಅದು ಬೆಂಗಳೂರಿನ ರಾತ್ರಿ 10:30. ಮಾರ್ಚ್ 10ರಂದು ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು, ಆವತ್ತಿನಿಂದ ಇಲ್ಲಿ 9:30. ಕಡತದಲ್ಲಿ -08:00 ಎಂದು ಬರೆದಿಟ್ಟಿದ್ದರೆ ಮಾರ್ಚ್ 10ರಿಂದ ಪಾಠ ಒಂದು ಗಂಟೆ ತಪ್ಪಿಹೋಗುತ್ತದೆ. ಯುಟಿಸಿಗೆ ತಿರುಗಿಸಿಟ್ಟರೂ ಅಷ್ಟೇ. ಇಲ್ಲಿ ಬರೆಯಬೇಕಾದ್ದು ಸ್ಥಳೀಯ ದಿನ, ಸ್ಥಳೀಯ ಸಮಯ, ಜೊತೆಗೆ ಟೈಮ್‌ಝೋನ್ ಪಟ್ಟಿಯ ಹೆಸರು: ಅಮೆರಿಕ/ಲಾಸ್ ಏಂಜಲೀಸ್, ಏಷ್ಯಾ/ಕೋಲ್ಕತಾ ಎಂಬಂಥದ್ದು. 2024ರ ಏಪ್ರಿಲ್‌ನಲ್ಲಿ ಬಂದ ಆರ್‌ಎಫ್‌ಸಿ 9557 ಈ ಹೆಸರನ್ನು ಆಫ್‌ಸೆಟ್ಟಿನ ನಂತರ ಚೌಕ ಆವರಣದೊಳಗೆ ಸೇರಿಸುವ ಕ್ರಮ ಹೇಳಿದೆ. ಎಲ್ಲ ಪ್ರೋಗ್ರಾಂಗಳೂ ಅದನ್ನು ಓದುವವರೆಗೆ ಹೆಸರಿಗೆ ಬೇರೆ ಕಾಲಮ್ಮು ಕೊಡುವುದೇ ಸುಲಭ.

ಫೋಟೋ ಮತ್ತು ಜಿಪ್ ಕಡತಗಳ ಬಗ್ಗೆ ಒಂದೇ ಮಾತು. ಫೋಟೋದೊಳಗಿನ ಎಕ್ಸಿಫ್ (ಕ್ಯಾಮೆರಾ ಬರೆದಿಡುವ ವಿವರ) ತಾರೀಖು 2024:03:05 ಎಂದು ಎರಡು ಚುಕ್ಕೆಯ ರೂಪದಲ್ಲಿರುತ್ತದೆ, ಆಫ್‌ಸೆಟ್ಟಿಗೆ ಜಾಗ ಸಿಕ್ಕಿದ್ದು 2016ರಲ್ಲಿ. ಜಿಪ್‌ನ ಮೂಲ ಸಮಯಕ್ಕೆ ಟೈಮ್‌ಝೋನೂ ಇಲ್ಲ, ಎರಡು ಸೆಕೆಂಡಿಗಿಂತ ಸೂಕ್ಷ್ಮತೆಯೂ ಇಲ್ಲ. ಕಡತ ಯಾವಾಗಿನದು ಎಂಬುದು ಮುಖ್ಯವಾದರೆ ಅದನ್ನು ಕಡತದ ಹೆಸರಿನಲ್ಲೇ ಬರೆಯಿರಿ.

ಪ್ರೋಗ್ರಾಂ ಬರೆಯುವವರಿಗೆ

ಜಾವಾದಲ್ಲಿ ಸಣ್ಣಕ್ಷರದ ವೈ ವರ್ಷ, ದೊಡ್ಡಕ್ಷರದ ವೈ ವಾರದ ಲೆಕ್ಕದ ವರ್ಷ. ದೊಡ್ಡದನ್ನು ಹಾಕಿದರೆ ವರ್ಷವಿಡೀ ಸರಿ ಬಂದು ಕೊನೆಯ ಕೆಲವು ದಿನ ಮಾತ್ರ ಕೆಡುತ್ತವೆ: 2024ರ ಡಿಸೆಂಬರ್ 31 ಎಂಬುದು 2025-12-31 ಆಗಿ ಅಚ್ಚಾಗುತ್ತದೆ, ಏಕೆಂದರೆ ಆ ಮಂಗಳವಾರ ಮುಂದಿನ ವರ್ಷದ ಮೊದಲ ವಾರಕ್ಕೆ ಸೇರಿದ್ದು. ದೊಡ್ಡಕ್ಷರದ ಡಿ ವರ್ಷದ ಎಷ್ಟನೇ ದಿನ ಎಂಬುದು. ಜನವರಿಯಲ್ಲಿ ಪರೀಕ್ಷಿಸಿದರೆ ಅದರ ತಪ್ಪೂ ಕಾಣದು. ಪೈಥಾನ್‌ನ ಫ್ರಮ್‌ಐಸೋಫಾರ್ಮ್ಯಾಟ್ 3.11ಕ್ಕಿಂತ ಮೊದಲು ಕೊನೆಯ ಝಡ್ ಅಕ್ಷರವನ್ನು ಒಪ್ಪುತ್ತಿರಲಿಲ್ಲ. ಪಾಂಡಾಸ್ 2.0ಕ್ಕೆ ಮುಂಚೆ ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು, 12/03 ಡಿಸೆಂಬರ್ ಆದರೆ ಮರುಸಾಲಿನ 13/03 ಮಾರ್ಚ್ ಆಗುತ್ತಿತ್ತು. ಊಹಿಸಲು ಬಿಡದೆ ರೂಪವನ್ನು ನೀವೇ ಹೇಳಿ.

ಕನ್ನಡ ಅಂಕಿಗಳನ್ನು ತೆರೆಯ ಮೇಲೆ ಧಾರಾಳವಾಗಿ ಬಳಸಿ, ಕಡತದೊಳಗೆ ಬೇಡ. ೨೦೨೪ ಎಂಬುದನ್ನು ಪೈಥಾನ್ ಸಂಖ್ಯೆಯಾಗಿ ಓದುತ್ತದೆ. ಜಾವಾಸ್ಕ್ರಿಪ್ಟ್‌ನ ಅಂಕಿ ಹುಡುಕುವ ರೆಜೆಕ್ಸ್‌ಗೆ ಅದು ಅಂಕಿಯೇ ಅಲ್ಲ. ಒಂದು ಕಡೆ ನಡೆದದ್ದು ಇನ್ನೊಂದು ಕಡೆ ಮುರಿಯುತ್ತದೆ.

ಮೊದಲು ಐದು ಸಾಲು ಕಳಿಸಿ

ಪೂರ್ತಿ ಕಡತ ಕಳಿಸುವ ಮುಂಚೆ ಐದು ಸಾಲಿನ ಪರೀಕ್ಷೆಯ ಕಡತ ಕಳಿಸಿ. ಅಲ್ಲಿ ಓದಿ ತೆಗೆದುಕೊಂಡದ್ದನ್ನು, ತಿಂಗಳ ಹೆಸರು ಅಕ್ಷರದಲ್ಲಿ ಬರೆದು, ಐದನೆಯದನ್ನು ಬೆಂಗಳೂರಿನ ಸಮಯಕ್ಕೆ ತಿರುಗಿಸಿ, ವಾಪಸ್ ಕಳಿಸಲು ಹೇಳಿ.

2024-02-29
2024-03-05
2024-12-31
2024-03-05 00:00:00+05:30
2024-11-03 01:30:00-08:00

ಮೊದಲನೆಯದು ಮಾರ್ಚ್ 1 ಆಗಿ ಬಂದರೆ ಅವರ ಪ್ರೋಗ್ರಾಂಗೆ ಅಧಿಕ ವರ್ಷ ಗೊತ್ತಿಲ್ಲ. ಎರಡನೆಯದು ಮೇ ಆಗಿ ಬಂದರೆ ಕ್ರಮ ತಪ್ಪಿದೆ. ಮೂರನೆಯದು 2025 ಆಗಿ ಬಂದರೆ ದೊಡ್ಡಕ್ಷರದ ವೈ. ನಾಲ್ಕನೆಯದರ ದಿನ ಮಾರ್ಚ್ 4 ಎಂದು ಬಂದರೆ ಯುಟಿಸಿಗೆ ತಿರುಗಿಸಿ ದಿನವನ್ನಷ್ಟೇ ಕತ್ತರಿಸಿಕೊಂಡಿದ್ದಾರೆ. ಐದನೆಯದು ಲಾಸ್ ಏಂಜಲೀಸ್‌ನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದ ರಾತ್ರಿ. ಆವತ್ತು ಒಂದೂವರೆ ಗಂಟೆ ಎರಡು ಸಲ ಬಂತು, ಮೊದಲನೆಯದು ಬೆಂಗಳೂರಿನ ಮಧ್ಯಾಹ್ನ 2, ಎರಡನೆಯದು 3. ಉತ್ತರ 3 ಎಂದು ಬರಬೇಕು. 2 ಎಂದು ಬಂದರೆ ನೀವು ಕಳಿಸಿದ ಆಫ್‌ಸೆಟ್ಟನ್ನು ಅವರು ಓದದೆ, ತಮ್ಮ ಯಂತ್ರದ ಟೈಮ್‌ಝೋನನ್ನೇ ಹಚ್ಚಿದ್ದಾರೆ.